ಮೌನಯ್ಯನ ಇಳಿಜಾರಿನಲ್ಲಿ ಜಪಾನಿನ ಕಾರು

ಕಳೆದ ತಿಂಗಳು ಬೇಲೂರಿಗೆ ಹೋಗುವಾಗ ಹಗರೆಯಲ್ಲಿ ಕಾಫಿಗೆಂದು ಇಳಿದಿದ್ದೆ. ನಾನು ಕುಳಿತಿದ್ದ ಬೆಂಚಿನ ಎದುರಿಗೇ ಒಂದು ಕಾರು ರಭಸದಿಂದ ಬಂದು ನಿಂತಿತು. ಹಿಂಬದಿಯಲ್ಲಿ ಟರ್ಬೊ ಎಂಬ ಲೋಹದ ಅಕ್ಷರಗಳಿದ್ದವು. ಓಡಿಸುತ್ತಿದ್ದವನು ನಿಂತ ಕ್ಷಣವೇ ಇಂಜಿನ್ ಆರಿಸಿ ಇಳಿದು ಹೋದ. ಬಾನೆಟ್ಟಿನ ಸಂದಿಯಿಂದ ಎಣ್ಣೆ ಸೀಯುವ ವಾಸನೆ ತೆಳ್ಳಗೆ ಬಂತು. ಎದ್ದು ಹೋಗಿ, ಎರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆರಿಸಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಈಗಿನ ಕಾರುಗಳು ಅಷ್ಟು ನಾಜೂಕಲ್ಲವಂತೆ. ವಾಸನೆ ಮಾತ್ರ ಹಳೆಯದೇ. ಅದು ನನ್ನನ್ನು ತೊಂಬತ್ತರ ದಶಕದ ಕೊನೆಯ ಒಂದು ಕಾರ್ತಿಕ ಮಾಸಕ್ಕೆ ಎಳೆದುಕೊಂಡು ಹೋಯಿತು.

ಆ ವರ್ಷ ಪತ್ರಿಕೆಯವರು ನನ್ನನ್ನು ಅರಸೀಕೆರೆಗೆ ಹಾಕಿದ್ದರು. ಸಭೆ, ಸಂತೆ, ಅಪಘಾತ, ಕೊಬ್ಬರಿ ಧಾರಣೆ, ಇವಿಷ್ಟು ನನ್ನ ಕೆಲಸ. ಸಂಜೆ ಧಾರಣೆಯನ್ನು ಫೋನಿನಲ್ಲಿ ಓದಿ ಹೇಳಿದ ಮೇಲೆ ಊರಿನಲ್ಲಿ ಹೋಗಲು ನನಗೆ ಹೆಚ್ಚು ಜಾಗಗಳಿರಲಿಲ್ಲ. ಆ ಸಲ ಮಂಜು ಬೇಗ ಇಳಿದಿತ್ತು. ಬೆಳಗಿನ ರೈಲುಗಳು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳುತ್ತಿದ್ದವು. ಕೊಬ್ಬರಿ ಮಂಡಿಗಳ ಮುಂದೆ ತೆಂಗಿನ ನಾರಿನ ದೂಳು ಏಳಲಾರದೆ ನೆಲಕ್ಕಂಟಿ ಕೂರುತ್ತಿತ್ತು.

ಆ ಮಂಡಿಗಳಲ್ಲೊಂದು ಓಂಕಾರಪ್ಪನವರದು. ಹುಲಿಕೆರೆಯ ಹತ್ತಿರ ತೆಂಗಿನ ತೋಟ, ಅರಸೀಕೆರೆಯಲ್ಲಿ ಮಂಡಿ ಮತ್ತು ಮನೆ. ನಲವತ್ತು ದಾಟಿದ ಮನುಷ್ಯ, ಮಠದ ಭಕ್ತ, ಮಾತಿನಲ್ಲಿ ಚೂಟಿ. ಸಿಂಗಪುರದಿಂದ ಊರಿಗೆ ಮರಳಿದ ಅವರ ಭಾವಮೈದ ತನ್ನ ಮನೆಸಾಮಾನಿನ ಜೊತೆಗೆ ಬೂದುಬಣ್ಣದ ಜಪಾನಿ ಕಾರೊಂದನ್ನು ಹಡಗಿನಲ್ಲಿ ತಂದಿದ್ದ. ಇಲ್ಲಿನ ರಸ್ತೆ ನೋಡಿ ಕೈಚೆಲ್ಲಿ ಅದನ್ನು ಓಂಕಾರಪ್ಪನವರಿಗೇ ಬಿಟ್ಟುಕೊಟ್ಟಿದ್ದ. ಪೆಟ್ರೋಲ್ ಇಂಜಿನ್, ಅದರ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂಥ ಟರ್ಬೊ. ಕಾಲೊತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಒಂದು ಉಸಿರಿನಷ್ಟು ತಡೆದು, ಶಿಳ್ಳೆಯಂಥ ಸದ್ದು ಎದ್ದು, ಬೆನ್ನು ಹಿಂದಕ್ಕೆ ಅಂಟಿಕೊಳ್ಳುತ್ತಿತ್ತು. ‘ಇದು ಎತ್ತಲ್ಲ ಕಣ್ರೀ, ಹೋರಿ’ ಎನ್ನುತ್ತಿದ್ದರು ಓಂಕಾರಪ್ಪ. ‘ಚಾಟಿ ತೋರ್ಸಿದ್ ಮ್ಯಾಲೆ ಒಂದ್ ಗಳಿಗೆ ಯೋಚ್ನೆ ಮಾಡ್ತದೆ. ಆಮೇಲೆ ನಾವ್ ಯೋಚ್ನೆ ಮಾಡ್‌ಬೇಕು.’

ಅರಸೀಕೆರೆಯಿಂದ ತೋಟಕ್ಕೆ ಅವರು ಹಿಡಿಯುತ್ತಿದ್ದ ಒಳದಾರಿಯಲ್ಲಿ ಒಂದು ಉದ್ದನೆಯ ಏರು ಇತ್ತು. ಏರಿನ ತುದಿ ದಾಟಿದ ಕೂಡಲೇ ಮೌನಯ್ಯನ ಗದ್ದಿಗೆ. ಮಾತು ಬಿಟ್ಟು ಕುಳಿತು ಅಲ್ಲೇ ಐಕ್ಯನಾದ ಗುರುವಿನ ಸಮಾಧಿ ಅದು. ಗದ್ದಿಗೆಗೆ ತುಸು ಮುಂಚೆ, ಏರು ಮುಗಿಯುವಲ್ಲಿ, ಸುಣ್ಣ ಬಳಿದ ಒಂದು ಕಲ್ಲುಕಂಬ. ಅಲ್ಲಿಗೆ ಬಂದ ಬಸ್ಸು, ಲಾರಿ, ಟ್ರ್ಯಾಕ್ಟರುಗಳೆಲ್ಲ ಇಂಜಿನ್ ಆರಿಸುತ್ತಿದ್ದವು. ಆಚೆಗಿನ ಇಳಿಜಾರಿನ ಬಲದಲ್ಲೇ ಉರುಳಿಕೊಂಡು ಗದ್ದಿಗೆ ದಾಟಿ, ಕೆಳಗೆ ಕೆರೆಯ ಏರಿ ಸಿಗುವ ತಿರುವಿನ ಹತ್ತಿರ ಮತ್ತೆ ಇಂಜಿನ್ ಎಬ್ಬಿಸುತ್ತಿದ್ದವು. ಲಾರಿಗಳ, ಅಂಬಾಸಡರ್‌ಗಳ ಹಳೆಯ ಡ್ರೈವರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೀಯನ್ನೇ ಕಿತ್ತು ಕಣ್ಣಿಗೊತ್ತಿಕೊಂಡು ಮತ್ತೆ ಸಿಕ್ಕಿಸುತ್ತಿದ್ದರು. ಎದುರಿನಿಂದ ಏರಿ ಬರುವ ವಾಹನಗಳಿಗೆ ಈ ನಿಯಮವಿರಲಿಲ್ಲ. ಏರುವವರ ಏದುಸಿರನ್ನು ಗುರು ಮನ್ನಿಸುತ್ತಾನೆ ಎಂಬ ಮಾತಿತ್ತು. ನಾನು ಮೊದಲ ಸಲ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋದಾಗ ಇಂಜಿನ್ ನಿಂತದ್ದೇ ಒಳಗಿನ ಮಾತೂ ನಿಂತಿತು. ಚಕ್ರದಡಿಯ ಜಲ್ಲಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅದು ಸುಂದರವಾದ ಪದ್ಧತಿ. ಇದನ್ನು ಮೊದಲೇ ಬರೆದಿಡುತ್ತೇನೆ.

ದಸರೆಗೆ ಇನ್ನೂ ಕೆಲವು ವಾರಗಳಿರುವಾಗ ಕಾರಿನ ಹಿಂಬದಿಯಿಂದ ನೀಲಿ ಹೊಗೆ ಬರತೊಡಗಿತು. ಹಾಸನದ ಮೆಕ್ಯಾನಿಕ್ ಒಬ್ಬ ಇಂಜಿನ್ ಹೋಗಿದೆ ಎಂದ. ಇನ್ನೊಬ್ಬ ಟರ್ಬೊ ಕಿತ್ತೆಸೆದು ಸಾದಾ ಕಾರು ಮಾಡಿಕೊಳ್ಳಿ ಎಂದ. ಆಗ ಯಾರೋ ಆನಂದರಾಜು ಅವರ ಹೆಸರು ಹೇಳಿದರು. ಆನಂದರಾಜು ರೈಲ್ವೆಯಲ್ಲಿ ಡೀಸೆಲ್ ಇಂಜಿನ್ನುಗಳ ಮೇಲ್ವಿಚಾರಕರು. ಅವರ ತಂದೆ ಶಾಲಾ ಮೇಷ್ಟರಾಗಿದ್ದವರು, ಬೌದ್ಧಧರ್ಮಕ್ಕೆ ಸೇರಿದ್ದರು. ಮಗ ಇಂಜಿನಿಯರಿಂಗ್ ಓದಿ ಹುಬ್ಬಳ್ಳಿಯಲ್ಲಿ ತರಬೇತಿ ಪಡೆದು ಬಂದಿದ್ದರು. ರೈಲು ಇಂಜಿನ್ನಿಗೂ ಟರ್ಬೊ ಇರುತ್ತದೆ, ಆಳೆತ್ತರದ್ದು. ಮಿತಭಾಷಿಯೇನಲ್ಲ. ತಮಗೆ ಗೊತ್ತಿರುವುದನ್ನು ಕೇಳುವವರಿಗೆ ಸಾಕಾಗುವಷ್ಟು ಹೇಳುವವರು.

ಅವರು ಮಂಡಿಯ ಹಿಂದಿನ ಅಂಗಳದಲ್ಲಿ ಬಾನೆಟ್ ಎತ್ತಿ, ಗಾಳಿ ಒಳಹೋಗುವ ಕೊಳವೆ ಬಿಚ್ಚಿ, ಟರ್ಬೊದ ಪುಟ್ಟ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದರು. ಅಲ್ಲಾಡಬಾರದಷ್ಟು ಅಲ್ಲಾಡಿತು. ಆಮೇಲೆ ಕಾರಿನ ಬಗ್ಗೆ ಏನೂ ಕೇಳದೆ, ದಿನಾ ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಕೇಳಿದರು. ಓಂಕಾರಪ್ಪ ಹೇಳಿದರು. ಆನಂದರಾಜು ನಕ್ಕುಬಿಟ್ಟರು.

ಸಂಗತಿ ಇಷ್ಟೇ ಎಂದು ವಿವರಿಸಿದರು. ಏರಿನಲ್ಲಿ ಜೋರಾಗಿ ಓಡಿದಾಗ ಟರ್ಬೊ ಕೆಂಡದಂತೆ ಕಾಯುತ್ತದೆ. ಅದರೊಳಗಿನ ಅಚ್ಚನ್ನು ಕಾಪಾಡುವುದು ಹರಿಯುವ ಎಣ್ಣೆ. ತುದಿಗೆ ಬಂದ ಕೂಡಲೇ ಇಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಕಾವು ನಿಲ್ಲುವುದಿಲ್ಲ. ನಿಂತ ಎಣ್ಣೆ ಅಲ್ಲೇ ಸೀದು ಕರಿಯಾಗಿ ಅಚ್ಚನ್ನು ತಿನ್ನುತ್ತದೆ. ಓಂಕಾರಪ್ಪ ಪ್ರತಿದಿನ ಭಕ್ತಿಯಿಂದ ಮಾಡುತ್ತಿದ್ದುದು ಅದನ್ನೇ.

ಬೆಂಗಳೂರಿನಿಂದ ಒಳಭಾಗ ತರಿಸಿ ಟರ್ಬೊ ಕಟ್ಟುವ ಕೆಲಸ ಹಲವು ಸಂಜೆಗಳಲ್ಲಿ ನಡೆಯಿತು. ನಾನು ಧಾರಣೆ ಹೇಳಿ ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಆನಂದರಾಜು ಹೇಳಿದ ಎಷ್ಟೋ ಮಾತುಗಳು ಇಂದಿಗೂ ನೆನಪಿವೆ. ಟರ್ಬೊ ಇರುವ ಕಾರಿಗೆ ಎಣ್ಣೆಯೇ ರಕ್ತ, ಪುಸ್ತಕದಲ್ಲಿ ಬರೆದ ಅಂತರದ ಅರ್ಧಕ್ಕೇ ಬದಲಿಸಿ. ಬೆಳಿಗ್ಗೆ ಎಬ್ಬಿಸಿದ ಕೂಡಲೇ ಕಾಲೊತ್ತಬೇಡಿ, ಎಣ್ಣೆ ಮೇಲೆ ಹತ್ತಲಿ. ಗಾಳಿಯ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಿ, ಅರಸೀಕೆರೆಯ ಗಾಳಿಯಲ್ಲಿ ಅರ್ಧ ತೆಂಗಿನ ನಾರು. ಟರ್ಬೊ ಮೇಲಿನ ತಗಡಿನ ಹೊದಿಕೆಯನ್ನು ಅಂದಕ್ಕೆಂದು ತೆಗೆಯಬೇಡಿ, ಮಟ್ಟೆ ರಾಶಿಯ ಪಕ್ಕ ನಿಲ್ಲಿಸಬೇಡಿ. ಸೀಮೆಎಣ್ಣೆ ಬೆರೆತ ಪೆಟ್ರೋಲ್ ಕುಡಿದರೆ ಇಂಜಿನ್ ಒಳಗೇ ಕಲ್ಲು ಕುಟ್ಟಿದ ಹಾಗೆ ಸದ್ದಾಗುತ್ತದೆ, ಆಗ ಕಾಲು ತೆಗೆಯಿರಿ, ರೇಡಿಯೊ ಜೋರು ಮಾಡಬೇಡಿ. ಓಂಕಾರಪ್ಪನವರಿಗೆ ಇಷ್ಟು ಸಾಕಾಗಲಿಲ್ಲ. ಟರ್ಬೊದ ಒತ್ತಡ ಹೆಚ್ಚಿಸಿ ಇನ್ನಷ್ಟು ಬಲ ಬರಿಸಿಕೊಡಿ ಎಂದು ಹಟ ಹಿಡಿದರು. ಮೊದಲು ಬ್ರೇಕು, ಆಮೇಲೆ ಬಲ ಎಂದರು ಆನಂದರಾಜು. ಬ್ರೇಕಿನ ತಟ್ಟೆಗಳನ್ನು ಬದಲಿಸುವವರೆಗೆ ಒತ್ತಡದ ತಿರುಪನ್ನು ಮುಟ್ಟಲಿಲ್ಲ. ಮುಟ್ಟಿದ್ದೂ ಕೂದಲೆಳೆಯಷ್ಟು.

ಗದ್ದಿಗೆಯ ವಿಷಯಕ್ಕೆ ಅವರ ಮೊದಲ ಸಲಹೆ ಸರಳವಾಗಿತ್ತು. ಕಂಬದ ಮುಂಚೆ ಪಕ್ಕಕ್ಕೆ ನಿಲ್ಲಿ, ಎರಡು ನಿಮಿಷ ಇಂಜಿನ್ ಮೆಲ್ಲಗೆ ಓಡಲಿ, ಆಮೇಲೆ ಆರಿಸಿ ಉರುಳಿ. ಒಂದು ವಾರ ಓಂಕಾರಪ್ಪ ಹಾಗೆ ಮಾಡಿದರು. ಆಮೇಲೆ ಬೇಸರವಾಯಿತು. ಯಾವುದೋ ಮೋಟಾರು ಪತ್ರಿಕೆಯಲ್ಲಿ ಟರ್ಬೊ ಟೈಮರ್ ಎಂಬ ಸಣ್ಣ ಪೆಟ್ಟಿಗೆಯ ಚಿತ್ರ ನೋಡಿ ಅದನ್ನು ತರಿಸಿದರು. ಅದನ್ನು ಹಾಕಿದರೆ ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಇಂಜಿನ್ ತಾನಾಗಿ ಎರಡು ನಿಮಿಷ ಓಡಿ ತಣ್ಣಗಾಗಿ ನಿಲ್ಲುತ್ತದೆ. ನಿಲ್ಲಿಸಿದ ಕಾರಿಗೆಂದು ಮಾಡಿದ್ದು. ಆನಂದರಾಜು ಹಾಕಿಕೊಟ್ಟರು. ಹಾಕಿದ ದಿನವೇ ಓಂಕಾರಪ್ಪನವರನ್ನು ಚಾಲಕನ ಜಾಗದಲ್ಲಿ ಕೂರಿಸಿ ಒಂದು ಮಾತು ಹೇಳಿದರು. ಆ ಸಂಜೆ ನಾನು ಅಲ್ಲಿದ್ದೆ.

‘ಆಫ್ ಮಾಡಿ, ಪರವಾಗಿಲ್ಲ. ಆದ್ರೆ ಕಾರು ಉರುಳ್ತಾ ಇರುವಾಗ ಕೀ ಮಾತ್ರ ಹೊರಗೆ ತೆಗೀಬೇಡಿ. ತೆಗೆದು ಸ್ಟೀರಿಂಗ್ ತಿರುಗಿಸಿದ್ರೆ ಒಳಗೆ ಒಂದು ಗೂಟ ಬೀಳ್ತದೆ. ಕಳ್ಳರಿಗೆ ಅಂತ ಇಟ್ಟಿರೋದು. ಬಿದ್ದ ಮೇಲೆ ಕಾರು ನಿಮ್ಮದಲ್ಲ.’

‘ಮತ್ತೆ ಹಾಕ್ಕೊಂಡ್ರೆ ಆಯ್ತಪ್ಪ.’

‘ಗೂಟದ ಮೇಲೆ ಭಾರ ಬಿದ್ದಿರ್ತದೆ. ಕೀ ತಿರುಗಲ್ಲ. ಅಷ್ಟರಲ್ಲಿ ಕೆರೆ ಬಂದಿರ್ತದೆ.’

ಓಂಕಾರಪ್ಪ ತಲೆಯಾಡಿಸಿದರು. ಕಂಬದ ಬಳಿ ಕೀ ಆಫ್ ಮಾಡುತ್ತಿದ್ದರು, ಹೊರಗೆ ತೆಗೆಯುತ್ತಿರಲಿಲ್ಲ. ಟೈಮರಿನಿಂದಾಗಿ ಇಂಜಿನ್ ಮಾತ್ರ ಓಡುತ್ತಲೇ ಇರುತ್ತಿತ್ತು. ಬೇಕೆಂದರೆ ಗುಂಡಿಯೊತ್ತಿ ಅದನ್ನೂ ನಿಲ್ಲಿಸಬಹುದಿತ್ತು. ಆದರೆ ಇಂಜಿನ್ ಓಡುತ್ತಿದ್ದರೆ ಬ್ರೇಕಿಗೆ ಬಲವಿರುತ್ತದೆ, ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಕಾಲಡಿಯ ಪೆಡಲು ಕಲ್ಲಾಗುತ್ತದೆ ಎಂಬುದು ಅವರಿಗೆ ಅನುಭವಕ್ಕೆ ಬಂದಿತ್ತು. ‘ನಾನಂತೂ ಕೀ ಆಫ್ ಮಾಡೀನಲ್ಲ. ನನ್ ಕಡೆಯಿಂದ ಮೌನವೇ’ ಎಂದು ನನ್ನ ಮುಂದೆ ನಕ್ಕರು.

ಹೀಗೆ ಕಾರ್ತಿಕ ಹುಟ್ಟುವ ಹೊತ್ತಿಗೆ, ಆ ಸೀಮೆಯ ವಾಹನಗಳೆಲ್ಲ ಉಸಿರು ಬಿಗಿಹಿಡಿದು ದಾಟುವ ಜಾಗದಲ್ಲಿ ಒಂದು ಬೂದುಬಣ್ಣದ ಕಾರು ಮಾತ್ರ ಗುರುಗುಡುತ್ತ ಹೋಗತೊಡಗಿತು. ಒಂದು ಬೆಳಿಗ್ಗೆ ಅದನ್ನು ಕೇಳಿದವರು ಗದ್ದಿಗೆಯ ಹಿರಿಯರಿಗೆ ಹೇಳಿದರು. ಮರುದಿನ ಹಿರಿಯರು ಅಡ್ಡಗಟ್ಟಿ ಕೇಳಿದಾಗ ಓಂಕಾರಪ್ಪ ಕೀ ತೆಗೆದು ತೋರಿಸಿದರು. ಕಾರು ನಿಂತಿತ್ತು, ಕೀ ಅವರ ಕೈಯಲ್ಲಿತ್ತು, ಇಂಜಿನ್ ಓಡುತ್ತಲೇ ಇತ್ತು. ಅದನ್ನು ನೋಡಿದವರ ಮುಖ ನಾನು ನೋಡಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಮಾತು ಅರಸೀಕೆರೆಯ ಬಸ್‌ ನಿಲ್ದಾಣ ಮುಟ್ಟಿತ್ತು. ಕೀ ಕಿತ್ತರೂ ಸಾಯದ ಕಾರು. ಗುರುವಿನ ಮುಂದೆ ಬಾಯಿ ಮುಚ್ಚದ ಕಾರು. ಎರಡನೆಯ ದಿನ ಮಾತಿಗೆ ಒಂದು ಬಾಲ ಸೇರಿತು. ಅದನ್ನು ಹಾಗೆ ಮಾಡಿಕೊಟ್ಟವನು ಗದ್ದಿಗೆಗೆ ಕೈ ಮುಗಿಯದವನು, ಬೇಕೆಂತಲೇ ಮಾಡಿದ್ದಾನೆ.

ಆನಂದರಾಜು ಕೈ ಮುಗಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ಅವರ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಆ ದಾರಿಯಲ್ಲಿ ಹೋದವನು ನಾನು. ಪ್ರತಿಸಲ ಕಂಬದ ಬಳಿ ಇಂಜಿನ್ ಆರಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, ಇಷ್ಟು ಜನ ಸುಮ್ಮನಿರುವ ಕಡೆ ನಾನೊಬ್ಬ ಸದ್ದು ಮಾಡುವುದು ಯಾಕೆ ಎಂದಿದ್ದರು. ಅದನ್ನು ಯಾರೂ ಗಮನಿಸಿರಲಿಲ್ಲ.

ಆ ವಾರಗಳಲ್ಲಿ ಸಣ್ಣ ಸಣ್ಣ ಸಂಗತಿಗಳಾದವು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಸುದ್ದಿಯಲ್ಲ. ಆನಂದರಾಜು ಅವರ ಮೋಟಾರ್ ಸೈಕಲ್ಲಿನ ಸೀಟು ಉದ್ದಕ್ಕೆ ಸೀಳಿತ್ತು. ಅವರು ಹಾಲು ತರುತ್ತಿದ್ದ ಮನೆಯಲ್ಲಿ ಹಸು ಬತ್ತಿತೆಂದರು, ಪಕ್ಕದ ಮನೆಗೆ ಅದೇ ಹಸುವಿನ ಹಾಲು ಹೋಗುತ್ತಿತ್ತು. ಅವರ ಬಾಗಿಲ ಮುಂದೆ ಯಾರೋ ಒಂದು ರಾಶಿ ತೆಂಗಿನ ಮಟ್ಟೆ ಸುರಿದು ಹೋಗಿದ್ದರು. ಒಣಗಿದ್ದು. ಬೆಂಕಿ ಇಟ್ಟಿರಲಿಲ್ಲ. ‘ಇಡಬಹುದು ಅಂತ ಹೇಳ್ತಾ ಇದ್ದಾರೆ’ ಎಂದು ಆನಂದರಾಜು ಅದನ್ನು ತಾವೇ ಎತ್ತಿ ಹಾಕಿದರು.

ಕೊನೆಗೆ ಗದ್ದಿಗೆಯ ಪೂಜೆ ನೋಡಿಕೊಳ್ಳುತ್ತಿದ್ದ ಮಲ್ಲಯ್ಯನವರ ಮನೆಯಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದರು. ಟೈಮರನ್ನು ಕಿತ್ತು ಹಾಕಬೇಕು. ರೈಲ್ವೆಯವರು ಆ ಕಾರನ್ನು ಇನ್ನು ಮುಟ್ಟಬಾರದು. ಕಡೇ ಕಾರ್ತಿಕ ಸೋಮವಾರ ಓಂಕಾರಪ್ಪ ತಾಯಿಯನ್ನು ಕೂರಿಸಿಕೊಂಡು, ಇಂಜಿನ್ ಆರಿಸಿ, ಕೀಯನ್ನು ಕಿಟಕಿಯಿಂದ ಹೊರಗೆ ಎಲ್ಲರಿಗೂ ಕಾಣುವಂತೆ ಹಿಡಿದು ಗದ್ದಿಗೆಯ ಮುಂದೆ ಉರುಳಿ ಹೋಗಬೇಕು. ಕೆಳಗೆ ಏರಿಯ ಬದಿಯಲ್ಲಿ ನಿಲ್ಲಿಸಿ, ನಡೆದು ಮೇಲೆ ಬಂದು ಪೂಜೆ ಮಾಡಿಸಬೇಕು. ಓಂಕಾರಪ್ಪ ಒಪ್ಪಿಕೊಂಡು, ಟೈಮರನ್ನು ಹಾಸನದಲ್ಲಿ ಕೀಳಿಸಿಕೊಂಡು ಬಂದರು.

ನಾನೂ ಆನಂದರಾಜು ಅವರೂ ಭಾನುವಾರ ಅವರ ಮನೆಗೆ ಹೋದೆವು. ಒಂದು ಗಂಟೆ ಕಾರು ಕೊಡಿ, ಆ ಗೂಟವನ್ನೇ ತೆಗೆದುಬಿಡುತ್ತೇನೆ, ಆಮೇಲೆ ಕೀ ಎಲ್ಲಿ ಬೇಕಾದರೂ ಹಿಡಿದುಕೊಳ್ಳಿ ಎಂದು ಆನಂದರಾಜು ಕೇಳಿದರು. ಓಂಕಾರಪ್ಪ ರಸ್ತೆಯ ಕಡೆ ನೋಡಿದರು. ನೀವು ಬಂದು ಹೋದದ್ದೇ ನಾಳೆ ಮಾತಾಗುತ್ತದೆ ಎಂದರು. ಗದ್ದಿಗೆ ದಾಟಿದ ಕೂಡಲೇ ಕೀ ಮತ್ತೆ ಹಾಕಿಕೊಳ್ಳುತ್ತೇನೆ, ತಿರುವಿಗೆ ಇನ್ನೂ ದೂರವಿರುತ್ತದೆ ಎಂದರು. ಅವರ ತಾಯಿ ಗೌರಮ್ಮ ಒಳಗಿದ್ದರು. ಆನಂದರಾಜು ಹೋದಾಗಲೆಲ್ಲ ಅವರು ಹೊರಗೆ ಬರುತ್ತಿರಲಿಲ್ಲ, ಅಂದೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮಂಜು ಕೆರೆಯನ್ನು ಪೂರ್ತಿ ನುಂಗಿತ್ತು. ನಾವಿಬ್ಬರೂ ಮೊದಲೇ ಹೋಗಿ ಏರಿಯ ಮೇಲೆ ನಿಂತು ನೋಡಿದೆವು. ತಿರುವಿನಲ್ಲಿ ತಡೆಗೋಡೆ ಇರಲಿಲ್ಲ, ಮೊಣಕಾಲೆತ್ತರದ ಕೆಲವು ಕಲ್ಲುಗಳು. ಕೆಳಗೆ ನೀರು ಕಾಣುತ್ತಿರಲಿಲ್ಲ, ವಾಸನೆ ಬರುತ್ತಿತ್ತು. ಆನಂದರಾಜು ಆ ಕಲ್ಲುಗಳನ್ನು ಕಾಲಿನಿಂದ ಒತ್ತಿ ನೋಡಿ ಮೇಲಕ್ಕೆ ನಡೆದರು. ಗದ್ದಿಗೆಯ ಮುಂದೆ ಜನ ಸಾಲಾಗಿ ನಿಂತಿದ್ದರು. ಏರಿನ ಕೆಳಗಿನಿಂದ ಶಿಳ್ಳೆಯ ಸದ್ದು ಕೇಳಿಸಿತು. ಆನಂದರಾಜು ಕಂಬದ ಮುಂಚೆ ರಸ್ತೆಯ ನಡುವೆ ಹೋಗಿ ನಿಂತರು.

ಕಾರು ಅವರ ಮುಂದೆ ನಿಂತಿತು. ಮಲ್ಲಯ್ಯ ನಡೆದು ಬಂದರು. ‘ಏನ್ಲಾ, ಇವತ್ತೂ ನಿಂದೇನಾ?’ ಎಂದರು. ದನಿ ಎತ್ತರಿಸಿರಲಿಲ್ಲ.

ಆನಂದರಾಜು ಹಿಂದಿನ ಕಿಟಕಿಯತ್ತ ಬಗ್ಗಿ ಗೌರಮ್ಮನವರಿಗೆ ಹೇಳಿದರು. ‘ಅಮ್ಮ, ಇಲ್ಲಿ ನಿಂತಿರುವಾಗಲೇ ಒಂದ್ಸಲ ಕೀ ತೆಗೆಸಿ, ಸ್ಟೀರಿಂಗ್ ತಿರುಗಿಸೋಕೆ ಹೇಳಿ. ನೀವೇ ನೋಡಿ. ಆಮೇಲೆ ನಾನು ಹೋಗ್ತೀನಿ.’

ಗೌರಮ್ಮ ಮಗನ ಬೆನ್ನು ತಟ್ಟಿದರು. ಓಂಕಾರಪ್ಪ ಇಂಜಿನ್ ಆರಿಸಿ, ಕೀ ತೆಗೆದು, ಸ್ಟೀರಿಂಗ್ ತಿರುಗಿಸಿದರು. ಟಕ್ಕೆಂದಿತು. ಎರಡೂ ಕೈಯಲ್ಲಿ ಎಳೆದರು, ಬರಲಿಲ್ಲ. ಕೀ ಸಿಕ್ಕಿಸಿ ತಿರುಗಿಸಲು ನೋಡಿದರು. ಅದೂ ತಿರುಗಲಿಲ್ಲ. ಅವರ ಕತ್ತಿನ ಹಿಂಬದಿಯಲ್ಲಿ ಬೆವರು ಮೂಡಿದ್ದನ್ನು ನಾನು ಕಂಡೆ, ಅಂಥ ಚಳಿಯಲ್ಲಿ. ಗೌರಮ್ಮ ಇಳಿದು ಮುಂದೆ ಬಂದು, ತಾವೇ ಕೈ ಹಾಕಿ ಎಳೆದು ನೋಡಿದರು. ಆಮೇಲೆ ಇಳಿಜಾರಿನ ಕಡೆ, ಮಂಜಿನ ಕಡೆ ನೋಡಿದರು.

‘ಕೀ ಕೊಡ್ಲಾ ಇಲ್ಲಿ’ ಎಂದರು ಮಗನಿಗೆ. ‘ಕೀ ಕಾಣ್‌ಬೇಕು ತಾನೆ ಇವ್ರಿಗೆ? ನಾನ್ ಹಿಡ್ಕೊಂಡ್ ನಡ್ಕೊಂಡ್ ಹೋಯ್ತೀನಿ. ಕಾರು ಇಲ್ಲೇ ಇರ್ಲಿ.’

ಕೀಯನ್ನು ಎತ್ತಿ ಹಿಡಿದು ಅವರು ನಡೆದರು. ಗದ್ದಿಗೆಗೆ ನಮಸ್ಕಾರ ಮಾಡಿ ಇಳಿಜಾರು ಇಳಿದು ಏರಿಯ ಮೇಲೆ ಹೋಗಿ ನಿಂತರು. ಹಿಂದೆ ಓಂಕಾರಪ್ಪ. ಕಾರು ರಸ್ತೆಯ ನಡುವೆಯೇ ನಿಂತಿತ್ತು. ಅದರ ಹಿಂದೆ ಲಾರಿ, ಬಸ್ಸು ಬಂದು ನಿಂತವು. ಅಲ್ಲಿ ಹಾರ್ನ್ ಮಾಡುವಂತಿಲ್ಲ, ಎಲ್ಲರೂ ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಓಂಕಾರಪ್ಪ ಕೀ ಹಿಡಿದು ಮೇಲೆ ಬಂದು ಅದನ್ನು ಆನಂದರಾಜು ಅವರ ಕೈಗೆ ಕೊಟ್ಟರು. ಅಮ್ಮ ಹೇಳಿಕಳಿಸಿದ್ದಾರೆ, ನೀವೇ ತರಬೇಕಂತೆ, ಇಂಜಿನ್ ಹಾಕಿಕೊಂಡೇ ತರಬೇಕಂತೆ ಎಂದರು. ಮಲ್ಲಯ್ಯನವರ ಮುಖ ನೋಡದೆ ಹೇಳಿದರು.

ಆನಂದರಾಜು ಒಳಗೆ ಕೂತು, ಸ್ಟೀರಿಂಗನ್ನು ಆಚೀಚೆ ಅಲ್ಲಾಡಿಸಿ ಗೂಟ ಬಿಡಿಸಿ, ಇಂಜಿನ್ ಎಬ್ಬಿಸಿದರು. ಆ ಮೌನದಲ್ಲಿ ಅದು ತುಂಬ ದೊಡ್ಡ ಸದ್ದು. ಮೊದಲನೇ ಗೇರಿನಲ್ಲಿ, ನಡೆಯುವವರ ವೇಗದಲ್ಲಿ, ಎರಡು ಸಾಲು ಜನರ ನಡುವೆ ಇಳಿದರು. ಯಾರೂ ಬೈಯಲಿಲ್ಲ. ಗದ್ದಿಗೆ ದಾಟಿದ ಮೇಲೆ ಎಲ್ಲಿಂದಲೋ ಒಂದು ಕಲ್ಲು ಬಂದು ಹಿಂದಿನ ಗಾಜಿಗೆ ಬಡಿಯಿತು. ಬ್ರೇಕಿನ ಕೆಂಪು ದೀಪ ಹೊತ್ತಿದ್ದು ಹಾಗೇ ಇತ್ತು, ಕಾರಿನ ವೇಗ ಹೆಚ್ಚಲಿಲ್ಲ. ಮಂಜಿನೊಳಗೆ ಆ ದೀಪ ಎಡಕ್ಕೆ ತಿರುಗಿದ್ದನ್ನು ನೋಡಿ ನಾನು ಉಸಿರು ಬಿಟ್ಟೆ.

ಅಂದು ಸಂಜೆ ನಾನು ಕೆಲವು ಸಾಲು ಬರೆದು ಫೋನಿನಲ್ಲಿ ಓದಿದೆ. ಕೊನೆಗೆ ಏನಾಯಿತು ಎಂದು ಡೆಸ್ಕಿನವರು ಕೇಳಿದರು. ಏನೂ ಆಗಲಿಲ್ಲ ಎಂದೆ. ಹಾಗಾದರೆ ಧಾರಣೆ ಹೇಳಿ ಎಂದರು.

ಓಂಕಾರಪ್ಪ ಗಾಜು ಹಾಕಿಸಿ ಕಾರನ್ನು ಮಾರಿದರು. ಆನಂದರಾಜು ವರ್ಗ ಕೇಳಿಕೊಂಡು ಶಿವರಾತ್ರಿಗೆ ಮೊದಲೇ ಹುಬ್ಬಳ್ಳಿಗೆ ಹೋದರು. ನಿಲ್ದಾಣಕ್ಕೆ ಹೋಗಿ ಬೀಳ್ಕೊಟ್ಟವನು ನಾನೊಬ್ಬನೇ. ಗದ್ದಿಗೆಯ ಹಿರಿಯರಿಗೆ ಆ ಸೋಮವಾರ ಆದ ಅವಮಾನ ಹಾಗೇ ಉಳಿದಿತ್ತು. ಇನ್ನು ಮುಂದೆ ಯಾರಿಗೂ ವಿನಾಯಿತಿ ಇಲ್ಲ, ಇಳಿದು ಹೋಗುವ ಎಲ್ಲ ವಾಹನಗಳವರೂ ಕೀ ಕಿತ್ತು ಹೊರಗೆ ತೋರಿಸಿಯೇ ದಾಟಬೇಕು ಎಂದು ಕಟ್ಟುಮಾಡಿದರು. ಮೊದಲು ಹಳೆಯ ಡ್ರೈವರುಗಳ ಭಕ್ತಿಯಾಗಿದ್ದದ್ದು ಈಗ ಎಲ್ಲರ ನಿಯಮವಾಯಿತು. ಅದೇ ವರ್ಷ ಊರಿಗೆ ಹೊಸ ಮಾದರಿಯ ಕಾರುಗಳು ಒಂದೊಂದಾಗಿ ಬರತೊಡಗಿದ್ದವು, ಹಳೆಯ ಲಾರಿ, ಅಂಬಾಸಡರ್‌ಗಳಲ್ಲಿ ಇಲ್ಲದ ಆ ಗೂಟ ಅವೆಲ್ಲಕ್ಕೂ ಇತ್ತು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಪೊಲೀಸರ ಜೀಪಿನ ಹಿಂದೆ ನಾನು ಆ ಏರಿಗೆ ಹೋದೆ. ಹೊಸ ಕಾರು, ಟರ್ಬೊ ಗಿರ್ಬೊ ಏನೂ ಇಲ್ಲದ ಸಾದಾ ಕಾರು, ಕೆರೆಯಲ್ಲಿ ಮೂಗು ಮುಳುಗಿಸಿ ನಿಂತಿತ್ತು. ತಿರುವಿನ ಕಲ್ಲುಗಳಲ್ಲಿ ಎರಡು ಕೆಳಗೆ ಹೋಗಿದ್ದವು. ಓಡಿಸುತ್ತಿದ್ದವರು ಬೇಲೂರಿನ ಕಡೆಯವರು, ಒಬ್ಬರೇ ಇದ್ದರು. ದಡಕ್ಕೆ ತಂದು ಮಲಗಿಸಿದಾಗ ಬ್ರೇಕ್ ಒತ್ತಿದ ಭಂಗಿಯಲ್ಲೇ ಬಲಗಾಲು ಸೆಟೆದಿತ್ತು. ಬಲಗೈ ಮುಷ್ಟಿ ಬಿಗಿದಿತ್ತು. ಪೇದೆ ಬೆರಳು ಬಿಡಿಸಿದಾಗ ಒಳಗೆ ಕೀ ಇತ್ತು. ರಸ್ತೆಯಲ್ಲಿ ಟೈರು ಉಜ್ಜಿದ ಗುರುತು ಎಲ್ಲೂ ಇರಲಿಲ್ಲ. ಇದಿಷ್ಟನ್ನೂ ನಾನು ಕಂಡ ಹಾಗೆ ಬರೆದು ಕಳಿಸಿದೆ. ಮರುದಿನದ ಪತ್ರಿಕೆಯಲ್ಲಿ ಮೂರು ಸಾಲು ಬಂದಿತ್ತು. ಅಪಘಾತಕ್ಕೆ ಅತಿವೇಗವೇ ಕಾರಣ ಎಂದಿತ್ತು.